ನಗುವ ಬೆಕ್ಕಿನ ಹುಟ್ಟುಹಬ್ಬ

ನಮ್ಮ ಹಾರ್ಲಿಂಗನ್ ಊರಿನ ಕಾಲುವೆ ಬೀದಿಯ ಕಿಟಕಿಗಳಷ್ಟು ದೊಡ್ಡ, ಅಷ್ಟು ಫಳಫಳ ಹೊಳೆಯುವ ಕಿಟಕಿಗಳು ಭೂಮಂಡಲದಲ್ಲಿ ಇನ್ನೆಲ್ಲೂ ಇಲ್ಲ. ಗಾಜು ಇರುವುದೇ ತಿಳಿಯದೆ ಕಡಲಹಕ್ಕಿಗಳು ನೇರ ಊಟದ ಮೇಜಿನತ್ತ ಹಾರಿಬಂದು, ಡಿಕ್ಕಿ ಹೊಡೆದು, ಕ್ಷಮೆ ಕೇಳಿ ಹೋದದ್ದನ್ನು ಕಂಡವರಿದ್ದಾರೆ. ಪರದೆ ಎಳೆಯುವ ಪದ್ಧತಿ ನಮ್ಮಲ್ಲಿಲ್ಲ. ಎಳೆದರೆ ಒಳಗೆ ಏನೋ ನಡೆಯುತ್ತಿದೆ ಎಂದು ಬೀದಿಗೆ ಗುಮಾನಿ. ಹೀಗಾಗಿ ನಮ್ಮಲ್ಲಿ ಒಬ್ಬ ಒಂಟಿಯಾಗಿದ್ದರೆ, ಇಡೀ ಬೀದಿಗೆ ಕಾಣುವಂತೆಯೇ ಒಂಟಿಯಾಗಿರಬೇಕು.

ಫೊಪ್ಪೆ ವಿಯಾರ್ಡಾ ಹಾಗಿದ್ದ. ಮೂಲೆಯ ಸೇತುವೆಯನ್ನು ಎತ್ತಿ ಇಳಿಸುವ ಕೆಲಸ ಅವನದು. ಬಂದ ದೋಣಿಯವರೆಲ್ಲ ಕೈ ಬೀಸುತ್ತಿದ್ದರು, ಅವನೂ ಬೀಸುತ್ತಿದ್ದ. ಬೀಸಿ ಬೀಸಿ ಅವನ ಬಲಗೈ ಎಡಗೈಗಿಂತ ಗೇಣುದ್ದ ಬೆಳೆದಿತ್ತು, ಬೇಕಾದರೆ ಅವನ ದರ್ಜಿಯನ್ನು ಕೇಳಿ. ಆಮೇಲೆ ಸೇತುವೆಯ ಕಂಬಕ್ಕೆ ಕ್ಯಾಮೆರಾ ಬಂತು. ದೂರದ ಪಟ್ಟಣದ ಯಾವುದೋ ಕಚೇರಿಯಲ್ಲಿ ಕೂತ ಯಾರೋ ಗುಂಡಿ ಒತ್ತಿದರೆ ನಮ್ಮೂರ ಸೇತುವೆ ತಾನಾಗಿ ಮೇಲೇಳತೊಡಗಿತು. ಫೊಪ್ಪೆಗೆ ಒಂದು ಗಡಿಯಾರ ಕೊಟ್ಟು ಮನೆಗೆ ಕಳಿಸಿದರು. ಮಾಡಲು ಕೆಲಸವೇ ಇಲ್ಲದವನಿಗೆ ಗಡಿಯಾರ ಕೊಡುವಷ್ಟು ನಿರ್ದಯ ಜನ ಇನ್ಯಾರಿದ್ದಾರೆ!

ಗಡಿಯಾರದ ಜೊತೆಗೆ ಅವನು ಮನೆಗೆ ತಂದದ್ದು ಸೇತುವೆಯ ಗೂಡಿನಲ್ಲಿ ಮಲಗುತ್ತಿದ್ದ ಬೂದು ಬೆಕ್ಕು. ಹೆಸರು ಬೋಲ್ಕೆ. ಉಬ್ಬಿದ ಬನ್ನಿನಷ್ಟು ದುಂಡಗೆ. ಕಿಟಕಿಯ ಕಟ್ಟೆಯ ಮೇಲೆ ಬೋಲ್ಕೆ, ಅದರ ಹಿಂದಿನ ಕುರ್ಚಿಯಲ್ಲಿ ಫೊಪ್ಪೆ. ಹೊರಗೆ ಜನ ಬರುತ್ತಿದ್ದರು, ಹೋಗುತ್ತಿದ್ದರು. ಫೊಪ್ಪೆಯ ಬಲಗೈ ಆಗಾಗ ಅರ್ಧಕ್ಕೆ ಏಳುತ್ತಿತ್ತು, ಯಾರೂ ನೋಡದಿರುವುದನ್ನು ನೋಡಿ ತಲೆ ಕೆರೆದುಕೊಂಡು ಕೆಳಗಿಳಿಯುತ್ತಿತ್ತು.

ಹೀಗಿರುವಾಗ ಒಂದು ಬೆಳಿಗ್ಗೆ ಬೋಲ್ಕೆ ಕಟ್ಟೆಯ ಮೇಲೆ ಕುಕ್ಕರಿಸಿ, ಕುತ್ತಿಗೆಯನ್ನು ಮುಂದೆ ಚಾಚಿ, ಗದ್ದವನ್ನು ಕಲ್ಲಿಗೆ ತಾಗುವಷ್ಟು ತಗ್ಗಿಸಿ, ಮೈಯೆಲ್ಲ ಒಂದು ಸಲ ಅಲುಗಿಸಿತು. ಆಗಲೇ ಪಕ್ಕದ ಮನೆಯ ಹಿಸ್ಕೆ ಮಾರುಕಟ್ಟೆಯಿಂದ ಬರುತ್ತಿದ್ದವಳು ನಿಂತಳು. ಹಿಸ್ಕೆ ನಿಂತರೆ ಬೀದಿಯೇ ನಿಂತಂತೆ. ಅವಳ ಬಾಯಿಗೆ ಬಿದ್ದ ಸುದ್ದಿ ಅವಳಿಗಿಂತ ಮೊದಲೇ ಮನೆ ಸೇರುತ್ತಿತ್ತು.

“ಏನ್ ಮಾಡ್ತಿದೆಯೋ ಅದು?” ಎಂದು ಗಾಜು ತಟ್ಟಿದಳು.

ಗೊತ್ತಿಲ್ಲ ಎಂದಿದ್ದರೆ ಅವಳು ಮುಂದೆ ಹೋಗುತ್ತಿದ್ದಳು, ಈ ಕಥೆಯೂ ಇರುತ್ತಿರಲಿಲ್ಲ. ಆದರೆ ಎಷ್ಟೋ ತಿಂಗಳ ಮೇಲೆ ಒಂದು ಮುಖ ಅವನ ಕಿಟಕಿಯ ಮುಂದೆ ನಿಂತಿತ್ತು. ಫೊಪ್ಪೆ ಕಿಟಕಿಯ ಬಾಗಿಲು ತೆರೆದು, ಗಂಟಲು ಸರಿಮಾಡಿಕೊಂಡು, “ನಮಸ್ಕಾರ ಮಾಡ್ತಿದಾನೆ,” ಎಂದ.

“ನಮಸ್ಕಾರಾನಾ? ಬೆಕ್ಕಾ?”

“ನಾನೇ ಕಲಿಸಿದ್ದು.”

“ಬಿಡೋ ಬುರುಡೆ!” ಎಂದಳು ಹಿಸ್ಕೆ. ಬೋಲ್ಕೆ ಮತ್ತೆ ಕತ್ತು ಚಾಚಿ ತಗ್ಗಿತು. ಅವಳು ಚೀಲವನ್ನು ಅಲ್ಲೇ ಬೀದಿಯಲ್ಲಿ ಬಿಟ್ಟು ಒಳಗೆ ಬಂದಳು.

ಆ ದಿನ ಫೊಪ್ಪೆ ಕಾಫಿ ಮಾಡಿದ್ದು ಎರಡು ಲೋಟ. ಎರಡನೆಯ ಲೋಟದ ಮೇಲೆ ಎಷ್ಟು ಧೂಳು ಕೂತಿತ್ತೆಂದರೆ ಅದರಲ್ಲಿ ಆಲೂಗಡ್ಡೆ ಬೆಳೆಯಬಹುದಿತ್ತು. ಹಿಸ್ಕೆ ಮೂಗೆಳೆದು, “ಮನೆ ಅಂದ್ರೆ ಒಂದು ವಾಸನೆ ಬೇಡ್ವೇನೋ? ಒಳ್ಳೆ ಗೋದಾಮಿದ್ದ ಹಾಗಿದೆ,” ಎಂದು ಮಾರನೆಯ ದಿನ ವೆನಿಲ್ಲಾ ವಾಸನೆಯ ದಪ್ಪ ಮೇಣದಬತ್ತಿ ತಂದು ಹಚ್ಚಿದಳು.

ಎರಡನೆಯವನಾಗಿ ಬಂದವನು ಸೀಟ್ಸೆ, ಹಳೆಯ ಸಿಗಡಿ ದೋಣಿಯ ಮಾಲೀಕ. ಅವನ ಬಾಯಲ್ಲಿ ಪೈಪು ಇಲ್ಲದ್ದನ್ನು ಅವನ ಹೆಂಡತಿ ನೋಡಿದ್ದು ಮದುವೆಯ ದಿನ ಮಾತ್ರ, ಅದೂ ಪಾದ್ರಿ ಗದರಿದ್ದಕ್ಕೆ. ಅವನು ಕೂತು ಒಂದು ದಮ್ಮೆಳೆದ. ಹೊಗೆ ಬೋಲ್ಕೆಯ ತಲೆಯ ಮೇಲೆ ಛತ್ರಿಯಂತೆ ನಿಂತಿತು. ಸ್ವಲ್ಪ ಹೊತ್ತಿಗೆ ಬೆಕ್ಕಿನಿಂದ ಸುಂಯ್ ಸುಂಯ್ ಎಂಬ ಸದ್ದು ಹೊರಟಿತು.

“ಇದೇನಯ್ಯಾ, ಶಿಳ್ಳೆ ಹಾಕ್ತಿದೆ!”

“ಈ ವಾರವಷ್ಟೇ ಕಲಿಸ್ತಾ ಇದೀನಿ,” ಎಂದ ಫೊಪ್ಪೆ. “ರಾಗ ಇನ್ನೂ ಕೂತಿಲ್ಲ.”

ಅಲ್ಲಿಂದ ಮುಂದೆ ತಡೆಯುವವರಿಲ್ಲ. ಬಂದವರು ಬರಿಗೈಯಲ್ಲಿ ಬರುತ್ತಾರೆಯೇ? ಲ್ಯಾವೆಂಡರ್ ಬತ್ತಿ, ದಾಲ್ಚಿನ್ನಿ ಬತ್ತಿ, ‘ಕಡಲ ತಂಗಾಳಿ’ ಎಂದು ಬರೆದಿದ್ದ ಒಂದು ನೀಲಿ ಬತ್ತಿ. ಕಡಲು ಇರುವುದು ಬೀದಿಯ ತುದಿಯಲ್ಲೇ! ಫೊಪ್ಪೆ ಎಲ್ಲವನ್ನೂ ಹಚ್ಚಿದ. ಜನ ಹೆಚ್ಚಿದಷ್ಟೂ ಬತ್ತಿ ಹೆಚ್ಚಿತು, ಬತ್ತಿ ಹೆಚ್ಚಿದಷ್ಟೂ ಬೋಲ್ಕೆಯ ನಮಸ್ಕಾರ ಹೆಚ್ಚಿತು, ನಮಸ್ಕಾರ ಹೆಚ್ಚಿದಷ್ಟೂ ಜನ ಹೆಚ್ಚಿತು. ಕಿಟಕಿಯ ಹೊರಗೆ ನಿಂತವರು ಬೆಕ್ಕಿಗೆ ಕೈ ಬೀಸುತ್ತಿದ್ದರು, ಹಿಂದಿನ ಕುರ್ಚಿಯಲ್ಲಿ ಫೊಪ್ಪೆ ಉದ್ದದ ಕೈಯನ್ನು ಬೀಸುತ್ತಿದ್ದ. ಪಕ್ಕದೂರಿನಿಂದ ಒಂದು ಬಸ್ಸಿನ ತುಂಬ ಮುದುಕಿಯರು ಬಂದಿದ್ದರು ಎಂದರೆ ನೀವು ನಂಬುವುದಿಲ್ಲ. ಹೋಗಲಿ, ಅರ್ಧ ಬಸ್ಸು ಎಂದಿಟ್ಟುಕೊಳ್ಳಿ.

ಬಾರದವಳು ಒಬ್ಬಳೇ. ಎದುರು ಮನೆಯ ಆಲ್ಟ್ಯೆ. ಅವಳು ಯಾರ ಮನೆಗೂ ಹೋಗುತ್ತಿರಲಿಲ್ಲ. ಕರೆದರೆ “ಕೆಲಸವಿದೆ” ಎನ್ನುತ್ತಿದ್ದಳು. ಬಾಗಿಲಲ್ಲಿ ನಿಂತವರೊಡನೆ ಮಾತಾಡುವಾಗಲೂ ಮೋರೆ ಒಂದು ಕಡೆ ತಿರುಗಿಸುತ್ತಿದ್ದಳು. ಬೀದಿ ಅವಳಿಗೆ ಇಟ್ಟ ಹೆಸರು ಐಸ್ ಪೆಟ್ಟಿಗೆ. ಆ ಆಲ್ಟ್ಯೆ ಒಂದು ದಿನ ಹಾದುಹೋಗುವಾಗ ನಿಂತು, ಬೋಲ್ಕೆಯನ್ನು ಬಹಳ ಹೊತ್ತು ನೋಡಿ, ಗಾಜು ತಟ್ಟಿ ಹೇಳಿದಳು: “ಅದು ನಮಸ್ಕಾರ ಅಲ್ಲ. ಕೆಮ್ಮು.”

ಫೊಪ್ಪೆಯ ಮೋರೆ ಕೆಂಪಾಯಿತು. “ಬೆಕ್ಕು ಎಲ್ಲಾದರೂ ಕೆಮ್ಮುತ್ತಾ?”

“ಶಿಳ್ಳೆ ಹಾಕುತ್ತೆ, ಕೆಮ್ಮಲ್ವಾ?”

“ಹೊಟ್ಟೆಕಿಚ್ಚು ಕಣೋ ಅವಳಿಗೆ,” ಎಂದು ಹಿಸ್ಕೆ ಒಳಗಿನಿಂದ ತೀರ್ಪು ಕೊಟ್ಟಳು. ಫೊಪ್ಪೆ ಅದನ್ನೇ ನಂಬಿದ. ನಂಬದಿದ್ದರೆ ಬತ್ತಿ ಆರಿಸಬೇಕಿತ್ತು. ಬತ್ತಿ ಆರಿದರೆ ಹಿಸ್ಕೆ ಬರುವಳೇ, ಪೈಪು ಬೇಡವೆಂದರೆ ಸೀಟ್ಸೆ ಬರುವನೇ?

ಆಮೇಲಿನ ವಾರ ಬೋಲ್ಕೆ ಬಾಯಿ ತೆರೆಯಿತು. ಸುಮ್ಮನೆ ಅರ್ಧ ತೆರೆದು, ತುಟಿಯ ಅಂಚು ಹಿಂದಕ್ಕೆ ಸರಿದು, ಹಾಗೇ ಕೂತಿತು.

“ನಗ್ತಿದೆ!” ಎಂದು ಹಿಸ್ಕೆ ಚೀರಿದಳು. ಸುದ್ದಿ ಬಂದರಿನ ದೀಪಸ್ತಂಭದವರೆಗೆ ಹೋಯಿತು. ಇನ್ನು ಹುಟ್ಟುಹಬ್ಬ ಮಾಡದೆ ಗತಿಯೇ ಇಲ್ಲ. ಬೋಲ್ಕೆ ಹುಟ್ಟಿದ್ದು ಯಾವಾಗ ಎಂದು ಬೋಲ್ಕೆಯ ತಾಯಿಗೂ ನೆನಪಿರಲಿಕ್ಕಿಲ್ಲ. ಫೊಪ್ಪೆ ಮುಂದಿನ ಶನಿವಾರ ಎಂದುಬಿಟ್ಟ.

ನಮ್ಮ ಹುಟ್ಟುಹಬ್ಬ ಎಂದರೆ ಗಂಭೀರ ವ್ಯವಹಾರ. ಕುರ್ಚಿಗಳನ್ನು ಗೋಡೆಯ ಉದ್ದಕ್ಕೂ ವೃತ್ತವಾಗಿ ಹಾಕಬೇಕು. ಬಂದವನು ಬಾಗಿಲಿನ ಎಡಗಡೆಯಿಂದ ಆರಂಭಿಸಿ, ಕೂತ ಪ್ರತಿಯೊಬ್ಬರ ಕೈ ಕುಲುಕಿ, ಹಬ್ಬ ಯಾರದೋ ಅವರೊಡನೆ ಕೂತವರಿಗಿರುವ ಸಂಬಂಧ ಹೇಳಿ ಅಭಿನಂದಿಸಬೇಕು. ಪೂರ್ತಿ ಸುತ್ತು ಮುಗಿಯದೆ ಕೂರುವಂತಿಲ್ಲ, ಮಧ್ಯೆ ಯಾರೂ ಏಳುವಂತಿಲ್ಲ. ಮನೆಗೆ ಬೆಂಕಿ ಬಿದ್ದರೆ ಅಗ್ನಿಶಾಮಕದವರೂ ಮೊದಲು ಸುತ್ತು ಮುಗಿಸಿಯೇ ನೀರು ಬಿಡುತ್ತಾರೆ.

“ಹಿಸ್ಕೆ, ನಿನ್ನ ಪಕ್ಕದ ಮನೆಯ ಬೆಕ್ಕಿನ ಹುಟ್ಟುಹಬ್ಬಕ್ಕೆ ಅಭಿನಂದನೆ!”

“ಸೀಟ್ಸೆ, ನಿನ್ನ ಹೆಂಡತಿಯ ಗೆಳತಿಯ ಪಕ್ಕದ ಮನೆಯ ಬೆಕ್ಕಿಗೆ ಅಭಿನಂದನೆ!”

“ನಿನಗೂ ಕಣಯ್ಯಾ, ನನಗೆ ಅಭಿನಂದನೆ ಹೇಳಿದ್ದಕ್ಕೆ!”

ಫೊಪ್ಪೆಯ ಕೋಣೆಯಲ್ಲಿ ಕೂರಲು ಜಾಗವಿರಲಿಲ್ಲ. ಬಚ್ಚಲಿನ ಮುಕ್ಕಾಲಿಯನ್ನೂ ತಂದು ಹಾಕಿದ್ದ. ಇದ್ದಬದ್ದ ಬತ್ತಿಗಳೆಲ್ಲ ಉರಿಯುತ್ತಿದ್ದವು. ಸೀಟ್ಸೆಯ ಪೈಪಿನ ಜೊತೆಗೆ ಅವನ ಭಾವಮೈದುನನ ಚುಟ್ಟಾ ಸೇರಿತ್ತು. ಹಿಸ್ಕೆ ಹಬ್ಬಕ್ಕೆಂದು ಕೂದಲಿಗೆ ಹೊಡೆದಿದ್ದ ಪರಿಮಳವನ್ನು ಬೋಲ್ಕೆಯ ಕೊರಳ ರಿಬ್ಬನ್ನಿಗೂ ಎರಡು ಸಲ ಪಿಚಕಾರಿ ಹೊಡೆದಿದ್ದಳು. ಕಿತ್ತಳೆ ಕೇಕು, ಕಾಫಿ, ಗದ್ದಲ. ಫೊಪ್ಪೆ ಕೇಕು ಹಂಚುತ್ತಾ ಸುತ್ತುತ್ತಿದ್ದ. ಯಾರೋ ಬೆನ್ನು ತಟ್ಟಿದರು, ಯಾರೋ ಅಜ್ಜನ ಕಾಲದ ಗೆಳೆಯನಂತೆ ಅವನ ಹೊಟ್ಟೆಗೆ ತಿವಿದರು. ಇಷ್ಟು ಜನ ತನ್ನ ಹೆಸರು ಹಿಡಿದು ಕೂಗುವುದನ್ನು ಅವನು ಎಂದೂ ಕೇಳಿರಲಿಲ್ಲ.

ಕಿಟಕಿಯ ಕಟ್ಟೆಯ ಮೇಲೆ ಬೋಲ್ಕೆ ನಗುತ್ತಿತ್ತು.

ಆಗ ಹೊರಗೆ ಆಲ್ಟ್ಯೆ ಕಾಣಿಸಿಕೊಂಡಳು. ಬಂದವಳೇ ಗಾಜನ್ನು ಎರಡೂ ಕೈಯಲ್ಲಿ ಬಡಿದು ಏನೋ ಕೂಗಿದಳು. ಒಳಗಿನ ಗದ್ದಲದಲ್ಲಿ ಯಾರಿಗೂ ಕೇಳಿಸಲಿಲ್ಲ.

“ನೋಡ್ರೋ, ಐಸ್ ಪೆಟ್ಟಿಗೆ ಕರಗಿದೆ! ಅಭಿನಂದನೆ ಹೇಳೋಕೆ ಬಂದಿದಾಳೆ!” ಎಂದ ಸೀಟ್ಸೆ. ಎಲ್ಲರೂ ಕೈ ಬೀಸಿದರು.

ಆಲ್ಟ್ಯೆ ಬಾಗಿಲಿಗೆ ಬಂದು ಅದನ್ನು ತೆರೆದಳು, ಒಳಗಿನ ಗಾಳಿ ಮುಖಕ್ಕೆ ಬಡಿದದ್ದೇ ತಡ ಕೆಮ್ಮುತ್ತಾ ಹಿಂದೆ ಸರಿದಳು. ಮತ್ತೆ ಕಿಟಕಿಗೆ ಬಂದಳು. ಬೆಕ್ಕಿನ ಕಡೆ ಬೆರಳು ತೋರಿಸಿದಳು. ತನ್ನ ಎದೆ ತೋರಿಸಿದಳು. ಕೊನೆಗೆ, ಬೀದಿಯಲ್ಲಿ ಎಂದೂ ನಗದ, ಎಂದೂ ಬಾಗದ ಆ ಹೆಂಗಸು ಕಲ್ಲುಹಾಸಿನ ಮೇಲೆ ಕುಕ್ಕರಿಸಿ, ಮೊಣಕೈಗಳನ್ನು ಪಕ್ಕಕ್ಕೆ ಅಗಲಿಸಿ, ಕುತ್ತಿಗೆ ಚಾಚಿ, ಬಾಯಿ ತೆರೆದು, ಹೊಟ್ಟೆಯನ್ನು ಒಳಕ್ಕೂ ಹೊರಕ್ಕೂ ಎಳೆದು ತೋರಿಸಿದಳು.

ಒಳಗಿನವರು ಲೋಟ ಕೆಳಗಿಟ್ಟರು. ಆಮೇಲೆ ಚಪ್ಪಾಳೆಯೋ ಚಪ್ಪಾಳೆ!

“ಥೇಟ್ ಬೋಲ್ಕೆ!”

“ಇನ್ನೊಂದು ಸಲ ಮಾಡಮ್ಮಾ!”

ಫೊಪ್ಪೆಯೂ ಚಪ್ಪಾಳೆಗೆ ಕೈ ಎತ್ತಿದ್ದ. ಎತ್ತಿದ ಕೈ ಅಲ್ಲೇ ನಿಂತಿತು. ಗಾಜಿನ ಈಚೆ ಬೆಕ್ಕು, ಆಚೆ ಆಲ್ಟ್ಯೆ. ಅದೇ ಮೊಣಕೈ, ಅದೇ ಕುತ್ತಿಗೆ. ಆಲ್ಟ್ಯೆಯ ಕಣ್ಣಲ್ಲಿ ನೀರು ಸುರಿಯುತ್ತಿತ್ತು. ಅವಳು ಬೆಕ್ಕಿನಂತೆ ನಟಿಸುತ್ತಿರಲಿಲ್ಲ. ಅವಳಿಗೇ ಉಸಿರು ಕಟ್ಟಿದಾಗ ಅವಳು ಹೀಗೇ ಕೂರುವುದು! ಅವನು ಬೋಲ್ಕೆಯ ಬಳಿ ಬಗ್ಗಿ ನೋಡಿದ. ಹೊಟ್ಟೆ ತಿದಿಯಂತೆ ಎಳೆದಾಡುತ್ತಿತ್ತು. ಗುಲಾಬಿಯಾಗಿರಬೇಕಿದ್ದ ಒಸಡು ಮಸಿ ಮೆತ್ತಿದ ಬಟ್ಟೆಯ ಬಣ್ಣಕ್ಕೆ ತಿರುಗಿತ್ತು.

ಫೊಪ್ಪೆ ಕಿಟಕಿ ತೆರೆದ.

“ಉಸಿರು ಸಿಗ್ತಿಲ್ಲ ಅದಕ್ಕೆ!” ಆಲ್ಟ್ಯೆ ಏದುಸಿರಲ್ಲಿ ಹೇಳಿದಳು. “ಬತ್ತಿ ಆರಿಸು. ಎಲ್ಲರನ್ನೂ ಹೊರಗೆ ಕಳಿಸು. ಈಗಲೇ ಡಾಕ್ಟರ ಹತ್ರ.”

ಕೋಣೆಗೆ ಅರ್ಥವಾಯಿತು. ಅರ್ಥವಾಗದಿದ್ದರೇ ಚೆನ್ನಾಗಿತ್ತು, ಏಕೆಂದರೆ ಎಲ್ಲರೂ ಒಮ್ಮೆಗೇ ವೈದ್ಯರಾದರು.

“ಕೂದಲುಂಡೆ ಸಿಕ್ಕಿಕೊಂಡಿರಬೇಕು, ಬೆರಳು ಹಾಕಿ ತೆಗೆಯಿರಿ!”

“ತಲೆಕೆಳಗೆ ಹಿಡಿದು ಬೆನ್ನಿಗೆ ಗುದ್ದಿ!”

“ನೀರು ಹಾಕಿ ಬಾಯಿಗೆ!”

“ನೀರು ಯಾಕೆ, ಬ್ರಾಂದಿ ಹಾಕಿ!” ಎಂದ ಸೀಟ್ಸೆ.

“ನನ್ನ ತೊಡೆ ಮೇಲೆ ಕೊಡ್ರೋ, ಎದೆಗೆ ಅಪ್ಪಿಕೊಂಡರೆ ಸರಿಹೋಗುತ್ತೆ,” ಎಂದು ಹಿಸ್ಕೆ ಪರಿಮಳದ ಮೋಡದ ಸಮೇತ ಮುಂದೆ ಬಂದಳು.

“ಮುಟ್ಟಬೇಡಿ!” ಕಿಟಕಿಯಿಂದ ಆಲ್ಟ್ಯೆ. “ಬಾಯಿಗೆ ಏನೂ ಹಾಕಬೇಡಿ, ನೆತ್ತಿಗೇರುತ್ತೆ! ಅಪ್ಪಿದ್ರೆ, ಹೆದರಿಸಿದ್ರೆ ಇರೋ ಉಸಿರೂ ಹೋಗುತ್ತೆ. ಹೇಗೆ ಕೂತಿದೆಯೋ ಹಾಗೇ ಬಿಡಿ.”

ಅಷ್ಟರಲ್ಲಿ ಬಾಗಿಲಲ್ಲಿ ತಡವಾಗಿ ಬಂದ ದಂಪತಿಗಳು. ಗಂಡ ಎಡಗಡೆಯಿಂದ ಆರಂಭಿಸಿಯೇಬಿಟ್ಟ: “ಅಭಿನಂದನೆ, ಅಭಿನಂದನೆ...”

“ಹೊರಗೆ!” ಎಂದ ಫೊಪ್ಪೆ.

ಗಂಡ ಚಾಚಿದ ಕೈ ಹಾಗೇ ನಿಂತಿತು.

“ಎಲ್ಲರೂ ಹೊರಗೆ! ಎದ್ದೇಳಿ! ಕೇಕು ಬೇಕಾದ್ರೆ ಜೇಬಲ್ಲಿ ಹಾಕ್ಕೊಂಡು ಹೋಗಿ!”

ನಮ್ಮ ಬೀದಿಯ ಇತಿಹಾಸದಲ್ಲಿ ಹುಟ್ಟುಹಬ್ಬದ ವೃತ್ತವನ್ನು ಯಜಮಾನನೇ ಒಡೆದದ್ದು ಅದೇ ಮೊದಲು. ಜನ ಎದ್ದ ರೀತಿ ನೋಡಬೇಕಿತ್ತು. “ಎರಡನೇ ಕಾಫಿಯೂ ಆಗಿಲ್ಲ,” ಎಂದು ಒಬ್ಬಳು. “ಬೆಕ್ಕಿಗೋಸ್ಕರ ಮನುಷ್ಯರನ್ನ ಅಟ್ಟೋದಾ?” ಎಂದು ಇನ್ನೊಬ್ಬ. ಹಿಸ್ಕೆ ಬಾಗಿಲಲ್ಲಿ ತಿರುಗಿ, “ನಾನು ಇನ್ನು ಈ ಹೊಸ್ತಿಲು ತುಳಿಯಲ್ಲ ಕಣೋ,” ಎಂದಳು. ಅವಳು ಹಾಗೆಂದರೆ ಬೀದಿಯೇ ಹಾಗೆಂದಂತೆ. ಅದು ಫೊಪ್ಪೆಗೆ ಗೊತ್ತಿತ್ತು. ಗೊತ್ತಿದ್ದೂ ಅವನು ಒಂದೊಂದೇ ಬತ್ತಿಯನ್ನು ಬೆರಳಲ್ಲಿ ಹಿಸುಕಿ ಆರಿಸುತ್ತಾ ಹೋದ, ಸುಟ್ಟದ್ದು ತಿಳಿಯಲಿಲ್ಲ.

ಆಲ್ಟ್ಯೆ ಹೊರಗಿನಿಂದಲೇ ಪ್ರಾಣಿಗಳ ಡಾಕ್ಟರಿಗೆ ಫೋನ್ ಮಾಡಿದಳು. ಬೋಲ್ಕೆ ಇನ್ನೂ ಸೇತುವೆಯ ಗೂಡಿನಿಂದ ತಂದ ಬುಟ್ಟಿಯಲ್ಲೇ ಮಲಗುತ್ತಿತ್ತು. ಫೊಪ್ಪೆ ಅದನ್ನು ಪಕ್ಕದಲ್ಲಿಟ್ಟು, ಬೋಲ್ಕೆಯನ್ನು ಎತ್ತದೆ, ಕೆಳಗಿನ ಹಾಸು ಸಮೇತ ಜಾರಿಸಿ ಕೂರಿಸಿದ. ಸೀಟ್ಸೆಯ ಕಾರು ಬಾಗಿಲಲ್ಲೇ ಇತ್ತು. ಆದರೆ ಅದರೊಳಗಿನ ಹೊಗೆ ಇಪ್ಪತ್ತು ವರ್ಷ ಹಳೆಯದು, ಕತ್ತರಿಸಿ ಮಾರಬಹುದಾದಷ್ಟು ಗಟ್ಟಿ. ಕಡೆಗೆ ಆಲ್ಟ್ಯೆಯ ಪೆಟ್ಟಿಗೆ ಸೈಕಲ್ಲೇ ಗತಿಯಾಯಿತು, ಮುಂದೆ ಮರದ ದೊಡ್ಡ ಪೆಟ್ಟಿಗೆ ಇರುವಂಥದ್ದು. “ನನಗೆ ತುಳಿಯೋಕಾಗಲ್ಲ. ನೀನು ಹೋಗು. ಆಮ್ಲಜನಕ ಸಿದ್ಧ ಇಟ್ಟಿರ್ತಾರೆ,” ಎಂದು ಅವಳು ಗೋಡೆಗೊರಗಿ ತನ್ನ ಕೋಟಿನ ಜೇಬಿನಿಂದ ಉಸಿರಿನ ಔಷಧಿಯ ಪಿಚಕಾರಿ ತೆಗೆದು ಬಾಯಿಗೆ ಹಿಡಿದಳು.

ಫೊಪ್ಪೆ ತುಳಿದ. ಎಷ್ಟು ಜೋರಾಗಿ ತುಳಿದನೆಂದರೆ ಕಾಲುವೆಯ ಬಾತುಕೋಳಿಗಳು ಗಾಳಿಗೆ ಮಗುಚಿಬಿದ್ದವು. ಮೂಲೆ ತಿರುಗಿದ. ಸೇತುವೆ ಎದ್ದು ನಿಂತಿತ್ತು.

ಆಚೆ ಡಾಕ್ಟರ ಮನೆಯ ಬೋರ್ಡು ಕಾಣುತ್ತಿತ್ತು. ನಡುವೆ ಒಂದು ಬಿಳಿಯ ವಿಹಾರದೋಣಿ, ಮದುವೆ ಮೆರವಣಿಗೆಯಂತೆ ಮೆಲ್ಲಗೆ ಬರುತ್ತಿತ್ತು, ಹಿಂದೆ ಇನ್ನಷ್ಟು. ದೋಣಿಯ ಮೇಲಿದ್ದ ಟೋಪಿಯವನು ಪೆಟ್ಟಿಗೆಯೊಳಗೆ ಇಣುಕಿ, “ಅರೆ, ಬೆಕ್ಕು ನಗ್ತಿದೆ!” ಎಂದು ಕೈ ಬೀಸಿದ.

ದೋಣಿಯವರೊಬ್ಬರು ತನ್ನತ್ತ ಕೈ ಬೀಸಲಿ ಎಂದು ಎಷ್ಟೋ ಕಾಲದಿಂದ ಕಾದಿದ್ದ ಫೊಪ್ಪೆ ಆ ದಿನ ಏನೆಂದು ಬೈದ ಎಂಬುದನ್ನು ಬರೆಯಲಾಗದು. ಟೋಪಿಯವನು ಮುಂದಿನ ಬಂದರಿನವರೆಗೂ ಟೋಪಿ ತೆಗೆದೇ ಹೋದನಂತೆ.

ಫೊಪ್ಪೆ ಕಂಬದ ಗುಂಡಿ ಒತ್ತಿದ. ಕಂಬ ಮಾತಾಡಿತು: “ಹೇಳಿ.” ಹೆಂಗಸಿನ ಗಂಟಲು, ದೂರದ ಪಟ್ಟಣದ್ದು.

“ಸೇತುವೆ ಇಳಿಸಿ!”

“ಸ್ವಾಮಿ, ಸಾಲಿನಲ್ಲಿರುವ ದೋಣಿಗಳು ಹೋಗೋವರೆಗೆ ಇಳಿಸೋ ಹಾಗಿಲ್ಲ. ನಿಯಮ.”

“ನಿಯಮ ನಂಗೆ ಗೊತ್ತು ಕಣಮ್ಮಾ! ಆ ಗೂಡಲ್ಲಿ ಕೂತು ನಾನೇ ಮೂವತ್ತು ವರ್ಷ ಹೇಳಿದೀನಿ ಅದನ್ನ!” ಅವನು ಬುಟ್ಟಿಯನ್ನು ಕ್ಯಾಮೆರಾದ ಕಡೆ ತಿರುಗಿಸಿದ. ಆಮೇಲೆ ಬೈಯಲಿಲ್ಲ. “ನೋಡಿ ಇವನನ್ನ. ಉಸಿರು ಸಿಗ್ತಿಲ್ಲ. ಮನೇಲಿ ನಾವಿಬ್ಬರೇ ಇರೋದು.”

ಕ್ಯಾಮೆರಾ ಕೊಕ್ಕರೆಯಂತೆ ಕತ್ತು ತಿರುಗಿಸಿ ಬುಟ್ಟಿಯನ್ನು ನೋಡಿತು. ಆಮೇಲೆ ನೀರಿನ ಕಡೆ ಕೆಂಪು ದೀಪ ಹತ್ತಿತು. ಸಾಲಿನ ದೋಣಿಗಳು ಒಟ್ಟಿಗೆ ಕೊಂಬೂದಿದವು, ಇಡೀ ಊರು ಯುದ್ಧವೆಂದು ಹೊರಬಂತು. ಸೇತುವೆ ನಡುಗುತ್ತಾ ಇಳಿಯಿತು. “ಹೋಗಿ ಸ್ವಾಮಿ. ನಾನು ಇಳಿಸಿಲ್ಲ, ಅದೇ ಇಳೀತು,” ಎಂದಿತು ಕಂಬ.

ಡಾಕ್ಟರ್ ಹೋಯ್ಟಿಂಗಾ ಬಾಗಿಲಲ್ಲೇ ಬುಟ್ಟಿ ತೆಗೆದುಕೊಂಡು, ಮಾತಾಡದೆ, ಆಮ್ಲಜನಕ ತುಂಬಿದ ಗಾಜಿನ ಪೆಟ್ಟಿಗೆಯೊಳಗೆ ಬೋಲ್ಕೆಯನ್ನಿಟ್ಟಳು. ಒಂದು ಸೂಜಿ ಚುಚ್ಚಿದಳು. ಆಮೇಲೆ ಅವಳೂ ಅವನೂ ಗಾಜಿನ ಆಚೆ ನಿಂತು ನೋಡಿದರು. ಮಾಡಲು ಬೇರೇನೂ ಇರಲಿಲ್ಲ. ಫೊಪ್ಪೆ ತಾನೂ ಉಸಿರು ಹಿಡಿದೇ ನಿಂತಿದ್ದ. ಅವನ ಬಣ್ಣ ನೋಡಿ ಡಾಕ್ಟರು, “ನಿಮ್ಮನ್ನ ಇಡೋಷ್ಟು ದೊಡ್ಡ ಪೆಟ್ಟಿಗೆ ಇಲ್ಲಿಲ್ಲ, ಉಸಿರಾಡಿ,” ಎಂದಳು.

ಎಷ್ಟು ಹೊತ್ತಾಯಿತೋ. ಬೋಲ್ಕೆ ಬಾಯಿ ಮುಚ್ಚಿತು.

“ಬಾಯಿ ತೆರೆದಿತ್ತಲ್ಲ, ಎಷ್ಟು ದಿನದಿಂದ?” ಎಂದು ಡಾಕ್ಟರು ಕೇಳಿದಳು.

“ನಗ್ತಿದೆ ಅಂದ್ಕೊಂಡಿದ್ದೆ.”

ಡಾಕ್ಟರು ನಗಲಿಲ್ಲ. “ಅದು ಉಬ್ಬಸ. ಕುಕ್ಕರಿಸಿ ಕುತ್ತಿಗೆ ಚಾಚೋದು ಕೆಮ್ಮು, ಸುಂಯ್ ಅನ್ನೋದು ಬಿಗಿದ ಶ್ವಾಸನಾಳ. ಬೆಕ್ಕು ಕೊನೆವರೆಗೂ ಬಚ್ಚಿಡುತ್ತೆ. ಬಾಯಿ ತೆರೆದು ಉಸಿರಾಡ್ತಿದೆ ಅಂದ್ರೆ ಒಂದು ಗಳಿಗೆಯೂ ಕಾಯಬಾರದು. ಬರೋಕೆ ಇನ್ನೂ ತಡ ಆಗಿದ್ರೆ ನಾನು ಬೇರೆ ಮಾತಾಡಬೇಕಿತ್ತು. ಇನ್ನು ಮೇಲೆ ಹೊಗೆ, ಬತ್ತಿ, ಪರಿಮಳ, ಧೂಳು ಯಾವುದೂ ಮನೇಲಿ ಬೇಡ. ಗದ್ದಲವೂ ಬೇಡ.”

“ಜನ?” ಎಂದ ಫೊಪ್ಪೆ.

“ವಾಸನೆ ಇಲ್ಲದ ಜನ ಪರವಾಗಿಲ್ಲ,” ಎಂದಳು ಡಾಕ್ಟರು.

ಅಂಥ ಜನ ನಮ್ಮ ಬೀದಿಯಲ್ಲಿ ಎಲ್ಲಿದ್ದಾರೆ? ಬೋಲ್ಕೆ ಮನೆಗೆ ಬಂತು. ಫೊಪ್ಪೆ ಪರದೆ, ಕಂಬಳಿ, ಗೋಡೆ, ಕೊನೆಗೆ ತನ್ನನ್ನೂ ತಿಕ್ಕಿ ತೊಳೆದ. ಬೆಳಿಗ್ಗೆ ಸಂಜೆ ಬೆಕ್ಕಿನ ಮೂತಿಗೆ ಪುಟ್ಟ ಮುಖವಾಡ ಹಿಡಿದು ಔಷಧಿ ಎಳೆಸುತ್ತಿದ್ದ. ಉಳಿದ ಹೊತ್ತು ಅದರ ಪಕ್ಕೆಲುಬು ಏಳುವುದನ್ನು, ಇಳಿಯುವುದನ್ನು ನೋಡುತ್ತಿದ್ದ. ಬೋಲ್ಕೆ ಬಾಯಿ ಮುಚ್ಚಿಕೊಂಡು ಮಲಗುತ್ತಿತ್ತು. ಬಾಯಿ ಮುಚ್ಚಿ ಮಲಗಿದ ಬೆಕ್ಕನ್ನು ನೋಡಲು ಯಾರು ನಿಲ್ಲುತ್ತಾರೆ? ಸೀಟ್ಸೆ ಒಮ್ಮೆ ಗಾಜಿನ ಹೊರಗಿನಿಂದ, “ಇನ್ನೂ ನಗ್ತಿಲ್ವಾ?” ಎಂದು ಕೇಳಿದ. ಇಲ್ಲವೆಂದು ಫೊಪ್ಪೆ ತಲೆ ಅಲ್ಲಾಡಿಸಿದ. “ಛೇ,” ಎಂದು ಸೀಟ್ಸೆ ಪೈಪು ಹಚ್ಚಿಕೊಂಡು ಹೋದ. ಹಿಸ್ಕೆ ತನ್ನ ಮಾತನ್ನು ಉಳಿಸಿಕೊಂಡಳು. ಬಚ್ಚಲಿನ ಮುಕ್ಕಾಲಿ ಬಚ್ಚಲಿಗೆ ಹೋಯಿತು. ಮನೆ ಹಿಂದಿಗಿಂತ ಖಾಲಿಯಾಗಿ ಕಂಡಿತು, ತುಂಬಿದ್ದನ್ನು ಒಮ್ಮೆ ನೋಡಿಬಿಟ್ಟಿದ್ದ ನೋಡಿ.

ಒಂದು ಮಧ್ಯಾಹ್ನ ಬಾಗಿಲು ಬಡಿದ ಸದ್ದು. ಹೊಸ್ತಿಲಲ್ಲಿ ಆಲ್ಟ್ಯೆ. ಸುಂಕದ ಅಧಿಕಾರಿಯಂತೆ ಮೂಗು ಮಾತ್ರ ಒಳಗೆ ಚಾಚಿದಳು.

“ಬತ್ತಿ?”

“ಇಲ್ಲ.”

“ತಂಬಾಕು?”

“ಇಲ್ಲ.”

“ಸಾಬೂನು?”

“ವಾಸನೆ ಇಲ್ಲದ್ದು.”

ಅವಳು ಒಳಗೆ ಬಂದಳು. ಕೋಟು ಬಿಚ್ಚಿದಳು. ಬೇರೆಯವರ ಮನೆಯಲ್ಲಿ ಅವಳು ಕೋಟು ಬಿಚ್ಚಿದ್ದನ್ನು ಈ ಬೀದಿ ಕಂಡಿರಲಿಲ್ಲ. ಕೂತಳು. ಒಂದು ದೀರ್ಘ ಉಸಿರು ಎಳೆದಳು, ಬಿಟ್ಟಳು, ಇನ್ನೊಂದು ಎಳೆದಳು. ಬಾಯಾರಿದವರು ನೀರು ಕುಡಿಯುವ ಹಾಗೆ. ಫೊಪ್ಪೆ ಕಾಫಿ ತಂದಿಟ್ಟು ಏನು ಮಾತಾಡುವುದೆಂದು ತಿಳಿಯದೆ ನಿಂತ.

“ಮಾತಾಡಲೇಬೇಕು ಅಂತೇನಿಲ್ಲ,” ಎಂದಳು ಆಲ್ಟ್ಯೆ.

ಕೂತರು. ಬೋಲ್ಕೆ ನಿದ್ದೆಯಲ್ಲಿ ಮೈ ಮುರಿದು, ಬಾಯಿಯನ್ನು ಕಿವಿಯವರೆಗೆ ಅಗಲಿಸಿತು. ಇಬ್ಬರೂ ಕಾಫಿ ಚೆಲ್ಲಿಕೊಂಡು ದಡಕ್ಕನೆ ಎದ್ದು ನಿಂತರು. ಬೋಲ್ಕೆ ಬಾಯಿ ಮುಚ್ಚಿ, ತುಟಿ ನೆಕ್ಕಿ, ಮಗ್ಗುಲು ಬದಲಿಸಿತು.

“ಆಕಳಿಕೆ,” ಎಂದಳು ಆಲ್ಟ್ಯೆ.

“ಆಕಳಿಕೆ ಅಷ್ಟೇ,” ಎಂದ ಫೊಪ್ಪೆ.

ಆದರೂ ಇಬ್ಬರೂ ಒಂದಿಷ್ಟು ಹೊತ್ತು ಹಾಗೇ ನಿಂತು ಅದರ ಪಕ್ಕೆಯನ್ನು ನೋಡಿದರು. ಆ ಗಳಿಗೆಯಲ್ಲಿ ಇಡೀ ಕಾಲುವೆ ಬೀದಿಯಲ್ಲಿ ಬೋಲ್ಕೆಯಷ್ಟು ಆರೋಗ್ಯವಾಗಿದ್ದ ಜೀವ ಇನ್ನೊಂದಿರಲಿಲ್ಲ, ಇದು ಮಾತ್ರ ಉತ್ಪ್ರೇಕ್ಷೆಯಲ್ಲ.

“ನಾಳೆಯೂ ನೋಡಬೇಕಾಗುತ್ತೆ,” ಎಂದಳು ಆಲ್ಟ್ಯೆ, ಮತ್ತೆ ಕೂರುತ್ತಾ. “ಇಂಥದ್ದನ್ನೆಲ್ಲ ಒಬ್ಬರೇ ಕೂತು ನೋಡೋಕಾಗಲ್ಲ.”

“ಆಗೋದೇ ಇಲ್ಲ,” ಎಂದ ಫೊಪ್ಪೆ.